ಎರಡು ತಂಬಿಗೆ ತೀರ್ಥ

ಆ ವರ್ಷ ಪೂಜ್ಯ ಗಂಗಯ್ಯಜ್ಜನವರು ಜಿಲ್ಲಾ ಆಸ್ಪತ್ರೆಯ ಹಿಂದಿದ್ದ ತಗಡಿನ ಧರ್ಮಶಾಲೆಯಲ್ಲಿ ವಾಸವಾಗಿದ್ದರು. ರೋಗಿಗಳ ಮನೆಯವರು ಅಲ್ಲಿಯೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಅಜ್ಜನವರು ಅವರಿಗಾಗಿ ಬೇಳೆ ಆರಿಸುತ್ತ ಕುಳಿತಿರುತ್ತಿದ್ದರು.

ಒಂದು ಬೆಳಿಗ್ಗೆ ಹೃದ್ರೋಗ ವಾರ್ಡಿನ ಡಾ. ಹುಲಕೋಟಿಯವರು ಅಲ್ಲಿಗೆ ಬಂದರು. ಅವರಿಗೆ ಸ್ವಾಮಿಗಳಲ್ಲಿ ನಂಬಿಕೆಯಿರಲಿಲ್ಲ. ಬೇರೆ ದಾರಿ ಕಾಣದೆ ಬಂದಿದ್ದರು. ಎಂಟು ದಿನದಿಂದ ವಾರ್ಡಿನಲ್ಲಿದ್ದ ನೀಲಗಂಗವ್ವನೆಂಬ ವೃದ್ಧೆಯ ಹೃದಯ ಸೋತಿತ್ತು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೊಡಬಾರದೆಂದು ಹೇಳಿ, ಔಷಧಿಯನ್ನು ಎರಡು ಸಲ ಹೆಚ್ಚಿಸಿದ್ದರೂ ಕಾಲಿನ ಬಾವು ಮೊಣಕಾಲು ದಾಟಿತ್ತು. ಇನ್ನೂ ಹೆಚ್ಚಿಸಿದರೆ ಮೂತ್ರಪಿಂಡ ಉಳಿಯುವ ಭರವಸೆಯಿರಲಿಲ್ಲ. ಮಗಳು ಗಿರಿಜವ್ವ ಕದ್ದು ನೀರು ಕುಡಿಸುತ್ತಿದ್ದಾಳೆ, ನಿಮ್ಮ ಭಕ್ತೆ, ಆಣೆ ಹಾಕಿಸಿ ಕೇಳಿ ಎಂದರು.

ಅಜ್ಜನವರು ಮೊರವನ್ನು ಬದಿಗಿಟ್ಟು ಎದ್ದು ವೈದ್ಯರೊಂದಿಗೆ ವಾರ್ಡಿಗೆ ನಡೆದರು.

ನೀಲಗಂಗವ್ವ ಮಲಗಲಾರದೆ ದಿಂಬಿಗೆ ಒರಗಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಅಜ್ಜನವರು ಮಂಚದ ಬಳಿ ನೆಲದ ಮೇಲೆ ಕುಳಿತರು. ಆಣೆಯ ಮಾತೆತ್ತಲಿಲ್ಲ. ಎದ್ದಾಗಿನಿಂದ ಅವ್ವನಿಗೆ ಏನೇನು ಮಾಡಿದೆ ಎಂದಷ್ಟೇ ಗಿರಿಜವ್ವನನ್ನು ಕೇಳಿದರು. ಆಕೆ ಒಂದೊಂದಾಗಿ ಹೇಳಿದಳು: ಮುಖ ತೊಳೆಸಿದ್ದು, ವಿಭೂತಿ ಹಚ್ಚಿದ್ದು, ಗಂಜಿ, ಗುಳಿಗೆ, ಗಂಟೆಗೊಮ್ಮೆ ತೀರ್ಥ.

“ತೀರ್ಥ ಎಷ್ಟು, ತಾಯಿ?”

“ನಿಮ್ಮ ಪೂಜೆದು ಬುದ್ಧಿ. ದಿನಾ ಎರಡು ತಂಬಿಗಿ ತುಂಬಕೊಂಡು ಬರ್ತೀನ್ರಿ.”

ವೈದ್ಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದು ಒಂದೂವರೆ ಲೀಟರಿಗೆ ಕಡಿಮೆಯಿರಲಿಲ್ಲ. ಹೆಚ್ಚಿಗೆ ನೀರು ಕೊಟ್ಟಿಲ್ಲ ಎಂದೆಯಲ್ಲ ಎಂದು ಗದರಿದರು.

“ತೀರ್ಥಕ್ಕ ಯಾರಾದ್ರೂ ನೀರು ಅಂತಾರೇನ್ರಿ, ಸಾಹೇಬ್ರ?”

ಹಾಗೆಂದವಳು ತಾಯಿಯ ಕಾಲುಗಳನ್ನು ನೋಡಿದಳು. ಮಂಚದ ಬಳಿಯಿದ್ದ ತಂಬಿಗೆಯನ್ನು ದೂರ ಸರಿಸಿದಳು.

ಅಜ್ಜನವರು ಮೆಲ್ಲಗೆ ಹೇಳಿದರು: “ಒಳಗ ಹೋದ ಮ್ಯಾಲ ಅದೂ ನೀರು, ತಾಯಿ. ಇನ್ನ ಹಣಿಗೆ ಹಚ್ಚು. ಯಾರಿಗೆ ಅಂತ ಕೇಳದ ಕೊಟ್ಟೆ, ತಪ್ಪು ನಂದು.” ಆಮೇಲೆ ವೈದ್ಯರತ್ತ ತಿರುಗಿದರು. “ಎಂಟು ದಿನ ನೀವು ಕೇಳಿದ್ದು ಒಂದ ಮಾತು, ನೀರು ಕೊಟ್ಟಿಯೇನು ಅಂತ. ಆಕಿ ಹೇಳೂದು ಭಾಳ ಇತ್ತು.”

ವೈದ್ಯರು ಅಳತೆಯ ಲೋಟವೊಂದನ್ನು ತರಿಸಿ ಗಿರಿಜವ್ವನ ಕೈಗಿತ್ತು, ಬಳಸುವ ಬಗೆಯನ್ನು ತಾವೇ ತೋರಿಸಿದರು. ಆ ದಿನವೂ ಮರುದಿನವೂ ಬಾವು ಇಳಿಯಲಿಲ್ಲ. ತಡವಾಯಿತೇನೋ ಎಂಬ ಅಳುಕು ವೈದ್ಯರಿಗೂ ಗಿರಿಜವ್ವನಿಗೂ ಇತ್ತು.

ಮೂರನೆಯ ದಿನ ವೈದ್ಯರು ರೋಗಿಯ ಎದೆಬಡಿತ ಪರೀಕ್ಷಿಸುತ್ತಿದ್ದಾಗ ಗಿರಿಜವ್ವ ಏನೋ ಹೇಳಲು ಹೋಗಿ ಅಂಜಿ ಸುಮ್ಮನಾದಳು. ಅವರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು.

“ಹೇಳವ್ವ.”

“ಅವ್ವ ಇವತ್ತು ದಿಂಬು ಬಿಟ್ಟು ಎರಡು ತಾಸು ಅಡ್ಡ ಮಲಗಿದ್ಲುರಿ.”

ಆ ದಿನದ ಚಿಕಿತ್ಸಾ ಹಾಳೆಯಲ್ಲಿ ಅವರು ಬರೆದ ಮೊದಲ ಸಾಲು ಅದೇ.