ಪಟೇಲರ ಬಿಳಿ ಪಂಚೆಯೂ ಕೀಲೆಣ್ಣೆಯೂ

ಮಗನಿಗೆ ಹೆಣ್ಣು ನೋಡಲು ಹೊರಟ ಪಟೇಲ ಮುರಿಗೆಪ್ಪನವರು ಗಾಡಿ ಹೊಡೆಯುವ ದ್ಯಾವನನ್ನು ಗದರಿದರು: "ಕೀಲೆಣ್ಣೆಗೆ ಹುಲ್ಲು ಸುಟ್ಟ ಮಸಿ ಬೆರೆಸಿದೆಯೋ, ಕೆಲಸ ಬಿಟ್ಟು ನಡಿ. ನನ್ನ ಪಂಚೆಗೆ ಕಲೆಯಾಗುತ್ತೆ."

"ಬರೀ ಹರಳೆಣ್ಣೆ ಭಾರಕ್ಕೆ ಹಿಂಡಿಹೋಗುತ್ತೆ ಯಜಮಾನ್ರೇ. ನಡುವೆ ಕೂತು ಅಚ್ಚು ಸವೆಯದಂಗೆ ಕಾಯೋದು ಆ ಮಸೀನೇ."

"ಹೇಳಿದಷ್ಟು ಮಾಡೋ!"

ದ್ಯಾವ ಹಾಗೇ ಮಾಡಿದ. ಹೆಣ್ಣಿನ ಊರು ಕಾಣುವಷ್ಟರಲ್ಲಿ ಚಕ್ರ ಕಿರ್ರೋ ಎಂದು ಅರಚತೊಡಗಿತು. ಊರ ನಾಯಿಗಳೆಲ್ಲ ಎದುರುಗೊಂಡವು.

"ಮಾನ ಹೋಯ್ತಲ್ಲೋ! ಮಸಿ ಎಲ್ಲಿ?"

"ನಿಮ್ಮ ದಿಂಬಿನ ಕೆಳಗೇ ಗಂಟು ಕಟ್ಟಿಟ್ಟಿದ್ದೀನಿ. ಗಾಡಿ ನಾನು ಎತ್ತಿ ಹಿಡೀತೀನಿ. ಬಳಿಯೋರು ನೀವೇ."

ಗಾಡಿ ಸದ್ದಿಲ್ಲದೆ ಊರು ಹೊಕ್ಕಿತು. ಕೈಗೆ ನೀರು ಕೊಡಲು ಬಂದ ಹೆಣ್ಣಿನ ತಂದೆ ಪಟೇಲರ ಕರೀ ಅಂಗೈ ನೋಡಿ ಬೆರಗಾದರು.

"ಕೀಲೆಣ್ಣೆ ವಿಷಯದಲ್ಲಿ ನಮ್ಮ ಯಜಮಾನ್ರು ಯಾರನ್ನೂ ನಂಬಲ್ಲ," ಎಂದ ದ್ಯಾವ. "ಮಸಿ ತಾವೇ ಬೆರೆಸ್ತಾರೆ."

ಪಟೇಲರು ಗಂಟಲು ಸರಿಮಾಡಿಕೊಂಡು, "ಮತ್ತೆ? ಬರೀ ಎಣ್ಣೆ ಭಾರಕ್ಕೆ ಹಿಂಡಿಹೋಗುತ್ತಲ್ಲ!" ಎಂದರು.