ಭುಜಂಗ ನಾಯಕರ ಎರಡು ತೀರ್ಪು

"ಇನ್ನು ಮುಂದೆ ಈ ಅರಮನೆಯ ಕಂಪ್ಯೂಟರಿನಲ್ಲಿ ಯಾವ ಫೈಲ್ ಒತ್ತಿದರೂ ಒಂದೇ ಆ್ಯಪ್‌ನಲ್ಲಿ ತೆರೆದುಕೊಳ್ಳುತ್ತದೆ! ಹತ್ತೆಂಟು ಆ್ಯಪ್‌ಗಳ ರಗಳೆಯೇ ಬೇಡ. ಇಂಥ ಉಪಾಯ ನನ್ನ ತಲೆಗಲ್ಲದೆ ಇನ್ಯಾರ ತಲೆಗೆ ಹೊಳೆದೀತು?"

ಭುಜಂಗ ನಾಯಕ ಹೀಗೆ ಹೇಳಿ ಮೀಸೆ ತೀಡಿದ. ಹಿರೇಗುಡ್ಡ ಸಂಸ್ಥಾನದ ರಾಜ್ಯ ಹೋಗಿ ಎಷ್ಟೋ ಕಾಲವಾಗಿತ್ತು, ದರ್ಬಾರು ಮಾತ್ರ ಹೋಗಿರಲಿಲ್ಲ. ಜಡಿಯಪ್ಪ ನಾಯಕರನ್ನು ಊರವರು ಈಗಲೂ ದೊರೆ ಎಂದೇ ಕರೆಯುತ್ತಿದ್ದರು. ಭುಜಂಗ ಆ ದೊರೆಯ ಹೆಂಡತಿಯ ತಮ್ಮ. ಪಟ್ಟಣದಲ್ಲಿ ಅದೇನೋ ತರಬೇತಿಗೆ ಹೋಗಿ, ಊಟ ಮಾಡಿ, ಪ್ರಮಾಣಪತ್ರದೊಂದಿಗೆ ಮರಳಿದ್ದ. ಬಂದವನೇ ಅರಮನೆಯ ಕಂಪ್ಯೂಟರಿನ ಮುಂದೆ ಠಿಕಾಣಿ ಹೂಡಿ, ಹಾಡು, ಚಿತ್ರ, ಲೆಕ್ಕ ಎನ್ನದೆ ಎಲ್ಲವೂ ಕಾಗದ ಬರೆಯುವ ಆ್ಯಪ್‌ನಲ್ಲೇ ತೆರೆಯುವಂತೆ ಮಾಡಿಬಿಟ್ಟಿದ್ದ.

ದರ್ಬಾರಿನವರು ಚಪ್ಪಾಳೆ ತಟ್ಟಿದರು. ಸೂಗಮ್ಮ ತಟ್ಟಲಿಲ್ಲ. ದೊರೆಗೆ ಬೇಸರವಾದಾಗ ಮಾತಾಡಿ ನಗಿಸುವುದು, ನಗು ಹೆಚ್ಚಾದಾಗ ಬುದ್ಧಿ ಹೇಳುವುದು ಅವಳ ಮನೆತನಕ್ಕೆ ಬಂದ ಕೆಲಸ. ದಡ್ಡತನವನ್ನು ಅವಳು ಸಹಿಸಬಲ್ಲಳು. ಮೀಸೆ ತೀಡುವ ದಡ್ಡತನ ಕಂಡರೆ ಮಾತ್ರ ಅವಳ ಮೈ ಉರಿಯುತ್ತಿತ್ತು.

ಅವತ್ತು ದೊರೆಯ ತಾಯಿಯ ಪುಣ್ಯತಿಥಿ. ಅವರು ಹಾಡಿದ್ದ ಜೋಗುಳವೊಂದು ಹಳೆಯ ಕ್ಯಾಸೆಟ್ಟಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಸೆಟ್ಟು ಗೆದ್ದಲಿನ ಪಾಲಾಗಿತ್ತು.

"ಅವ್ವನ ಹಾಡು ಹಾಕು, ಭುಜಂಗ," ಎಂದರು ದೊರೆ.

ಭುಜಂಗ ಒತ್ತಿದ. ಗೋಡೆಯ ದೊಡ್ಡ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ, ಚೌಕ, ಯಾವ ಭಾಷೆಯದೂ ಅಲ್ಲದ ಅಕ್ಷರ. ದನಿ ಮಾತ್ರ ಇಲ್ಲ.

"ಫೈಲು ಕೆಟ್ಟಿದೆ. ಇಂಥವು ಇನ್ನೂ ಬೇಕಾದಷ್ಟಿವೆ. ಎಲ್ಲ ಅಳಿಸಿಬಿಡುತ್ತೇನೆ," ಎಂದ ಭುಜಂಗ.

ದೊರೆಯ ಮುಖ ಬಾಡಿತು. "ಹೋದ ತಿಂಗಳು ಕೇಳಿದ್ದೆನಲ್ಲೋ."

"ಆಗ ಚೆನ್ನಾಗಿತ್ತು, ಈಗ ಕೆಟ್ಟಿದೆ. ಹಾಲು ಒಡೆಯುವುದಿಲ್ಲವೆ, ಹಾಗೆ."

"ಬೇರೆ ಆ್ಯಪ್‌ನಲ್ಲಿ ತೆರೆದು ನೋಡಬಹುದಲ್ಲ ನಾಯಕರೇ?" ಎಂದಳು ಸೂಗಮ್ಮ.

"ಪ್ರಮಾಣಪತ್ರ ನಿನಗೆ ಕೊಟ್ಟಿದ್ದಾರೋ, ನನಗೆ ಕೊಟ್ಟಿದ್ದಾರೋ? ಕತೆ ಹೇಳುವುದು ನಿನ್ನ ಕೆಲಸ. ಅಷ್ಟು ಮಾಡು."

ದೊರೆ ಪರದೆಯಿಂದ ಮುಖ ತಿರುಗಿಸಿದರು. ಬಾಮೈದನ ಮಾತು ತೆಗೆದುಹಾಕಿದರೆ ರಾತ್ರಿ ಊಟದ ಹೊತ್ತಿಗೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಭುಜಂಗನ ಬೆರಳು ಅಳಿಸುವ ಗುಂಡಿಯ ಕಡೆ ಹೋಯಿತು. ಸೂಗಮ್ಮ ಮುಖದಲ್ಲಿ ನಗು ತಂದುಕೊಂಡಳು.

"ತಡೆಯಿರಿ ನಾಯಕರೇ. ನಿಮ್ಮಂಥ ಪಂಡಿತರು ಕದ್ದುಮುಚ್ಚಿ ಅಳಿಸುವುದೇ? ಒಂದೊಂದನ್ನೇ ಪರದೆಯ ಮೇಲೆ ತೋರಿಸುತ್ತೇನೆ. ಯಾವುದಕ್ಕೆ ಎಷ್ಟು ಯೋಗ್ಯತೆ ಎಂದು ತುಂಬಿದ ಸಭೆಯಲ್ಲಿ ತೀರ್ಪು ಕೊಡಿ. ನಾಲ್ಕು ಜನ ಕಲಿಯಲಿ. ಅಮ್ಮನವರ ಹಾಡು ಕೊನೆಗಿರಲಿ."

ಹೊಗಳಿಕೆ ಬಿದ್ದರೆ ಭುಜಂಗ ಬಾವಿಗೂ ಹಾರುವವನು. ಕುರ್ಚಿ ಬಿಟ್ಟುಕೊಟ್ಟು, ಸಭೆಯ ನಡುವೆ ಎದೆ ಸೆಟೆಸಿ ನಿಂತ.

ಸೂಗಮ್ಮ ಫೈಲುಗಳ ಮೇಲೆ ಕಣ್ಣಾಡಿಸಿ, ಆ ಬೆಳಿಗ್ಗೆ ಬಂದಿದ್ದ ಒಂದನ್ನು ಒತ್ತಿದಳು. ಮತ್ತೆ ಪರದೆಯ ತುಂಬ ಚೌಕ, ಚಿಹ್ನೆ, ಗೊಂದಲ.

"ಇದು ಹೇಗೆ ನಾಯಕರೇ?"

"ಕಸ."

"ಸರಿಯಾಗಿ ನೋಡಿ ಹೇಳಿ. ಆಮೇಲೆ ಮಾತು ಬದಲಿಸಬಾರದು."

"ನಾನು ಮಾತು ಬದಲಿಸುವವನೇ? ತಲೆ ಇಲ್ಲ, ಬುಡ ಇಲ್ಲ. ಒಳಗೆ ಏನೂ ಇಲ್ಲ. ಸುಮ್ಮನೆ ಅರಮನೆಯ ಜಾಗ ತಿನ್ನುತ್ತಾ ಕೂತಿದೆ!"

"ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತೆ?"

"ಬಿಟ್ಟಿ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಇಂಥದ್ದನ್ನು ಇಟ್ಟುಕೊಂಡಿರುವುದೇ ಸಂಸ್ಥಾನಕ್ಕೆ ಅವಮಾನ."

"ದೊರೆಗಳು ಕೇಳಿಸಿಕೊಂಡಿರಾ?"

"ಕೇಳಿಸಿಕೊಂಡೆ," ಎಂದರು ದೊರೆ, ಏನೂ ತಿಳಿಯದೆ.

ಸೂಗಮ್ಮ ಅದೇ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಳು. ಯಾವುದರಲ್ಲಿ ತೆರೆಯಬೇಕೆಂದು ಕಂಪ್ಯೂಟರ್ ಕೇಳಿತು. ಚಿತ್ರ ನೋಡುವ ಆ್ಯಪ್ ಆರಿಸಿದಳು.

ಗೋಡೆಯ ಮೇಲೆ ಭುಜಂಗ ನಾಯಕ ಮೂಡಿದ. ಜರತಾರಿ ಪೇಟ, ಬಾಡಿಗೆಯ ಕತ್ತಿ, ತೀಡಿದ ಮೀಸೆ. ಊರಬಾಗಿಲಿಗೆ ಕಟ್ಟಿಸಲೆಂದು ತಾನೇ ತೆಗೆಸಿಕೊಂಡಿದ್ದ ಫೋಟೋ.

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಕಂಬಗಳು ಅದುರುವಂತೆ ಎಲ್ಲರೂ ನಕ್ಕರು.

"ಅಳಿಸಿಬಿಡಲೇ ನಾಯಕರೇ?" ಸೂಗಮ್ಮ ಬೆರಳೆತ್ತಿದಳು.

"ಅಯ್ಯಯ್ಯೋ, ಮುಟ್ಟಬೇಡ! ಅದು ಕೆಟ್ಟಿಲ್ಲ! ತೆರೆಯಬಾರದ ಆ್ಯಪ್‌ನಲ್ಲಿ ತೆರೆದರೆ ಹಾಗೇ ಕಾಣುವುದು!"

"ಈ ಮಾತು ಪ್ರಮಾಣಪತ್ರ ಪಡೆದವರ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೆ," ಎಂದಳು ಸೂಗಮ್ಮ. ಜೋಗುಳದ ಫೈಲಿಗೆ ಹಾಡು ಕೇಳಿಸುವ ಆ್ಯಪ್ ಆರಿಸಿ, ಇನ್ನು ಮುಂದೆ ಸದಾ ಇದರಲ್ಲೇ ತೆರೆಯಲಿ ಎಂದೂ ಗುರುತು ಹಾಕಿದಳು.

ಮೊದಲು ಕರಕರ ಸದ್ದು. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಸ್ವಲ್ಪ ಅಪಸ್ವರ, ನಡುವೆ ಒಂದು ಕೆಮ್ಮು, ಮತ್ತೆ ಹಾಡು. ದೊರೆ ಕಣ್ಣು ಮುಚ್ಚಿ ಕೇಳಿದರು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಭುಜಂಗ ಬಾಗಿಲ ಕಡೆ ಸರಿಯತೊಡಗಿದ.

ಹಾಡು ಮುಗಿಯಿತು. ದೊರೆ ಕಣ್ಣೊರೆಸಿಕೊಂಡು ಕೇಳಿದರು: "ಅಂತೂ ಸೂಗಮ್ಮ, ಭುಜಂಗ ಇವತ್ತು ಕೊಟ್ಟ ಎರಡು ತೀರ್ಪೂ ತಪ್ಪೇ ಅನ್ನು."

ಸೂಗಮ್ಮ ಕೈಮುಗಿದಳು.

"ಒಂದು ಮಾತ್ರ ತಪ್ಪು ದೊರೆಗಳೇ. ಅಮ್ಮನವರ ಹಾಡಿನ ಬಗ್ಗೆ ಹೇಳಿದ್ದು. ಫೋಟೋದ ಬಗ್ಗೆ ಹೇಳಿದ್ದನ್ನು ಯಾವ ಆ್ಯಪ್‌ನಲ್ಲಿ ತೆರೆದು ನೋಡಿದರೂ ಸರಿಯಾಗಿಯೇ ಇದೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರಮನೆಯ ಕಂಪ್ಯೂಟರು ಆ ಗಳಿಗೆಯಿಂದಲೇ ಸೂಗಮ್ಮನ ಸುಪರ್ದಿಗೆ ಬಂತು.