ಯೋಗಕ್ಕೆ ತೊಂಬತ್ತೈದು, ಕ್ಯಾಲ್ಕುಲಸ್‌ಗೆ ಅರವತ್ತಾರು

ಒಂದು ಒಗಟು. ಮಾರ್ಕ್ಸ್ ಕಾರ್ಡ್ ತುಂಬ ತೊಂಬತ್ತು. ಮೈಸೂರಿಗೆ ಹೋಯ್ತು, ಗೌರಿ ಹಬ್ಬಕ್ಕೆ ವಾಪಸ್ ಬಂತು, ಮತ್ತೆ ಬಸ್ಸೇ ಹತ್ತಲಿಲ್ಲ. ಏನದು?

ತಲೆ ಕೆರ್ಕೋಬೇಡಿ, ನಿಮಗೆ ಹೊಳೆಯಲ್ಲ. ಅದು ಚಿಕ್ಕಮಾದು. ನಮ್ಮೂರ ಡಿಗ್ರಿ ಕಾಲೇಜಲ್ಲಿದ್ದ. ಎರಡನೇ ವರ್ಷಕ್ಕೆ ಮೈಸೂರಿನ ದೊಡ್ಡ ಕಾಲೇಜಿಗೆ ಹಾರಬೇಕು ಅಂತ ಸುಲಭದ ಪತ್ರಿಕೆಗಳನ್ನೇ ಆರಿಸಿಕೊಂಡ. ಮಾರ್ಕ್ಸ್ ನೋಡಿ ಸೀಟು ಕೊಟ್ಟರು. ಅಲ್ಲಿ ಮೊದಲ ದಿನ ಮೇಷ್ಟ್ರು ಬೋರ್ಡಿನ ಮೇಲೆ ಗಣಿತ ಬರೆದರೆ ಇವನು ಚಿತ್ರ ಬಿಡಿಸ್ತಿದ್ದಾರೆ ಅಂದ್ಕೊಂಡ. ಈಗ ಮತ್ತೆ ನಮ್ಮೂರಲ್ಲೇ, ಮೊದಲ ವರ್ಷದಲ್ಲೇ.

ಇನ್ನು ಕಥೆ. ಈ ಸಲ ಮೈಸೂರಿಗೆ ಹೊರಟವಳು ನಮ್ಮನೆ ಚೆನ್ನಾಜಕ್ಕ. ಅವಳಿಗೆ ನಕ್ಷತ್ರದ ಹುಚ್ಚು. ಭೌತಶಾಸ್ತ್ರ ಓದಬೇಕು. ನಮ್ಮೂರ ಕಾಲೇಜಲ್ಲಿ ಅದು ಮೊದಲ ವರ್ಷಕ್ಕೇ ಮುಗಿಯುತ್ತೆ, ಮುಂದೆ ಹೇಳಿಕೊಡೋರಿಲ್ಲ. ಮೈಸೂರಿನವರು ಕೇಳೋದು ನೂರಕ್ಕೆ ಎಂಬತ್ತು. ಒಂದು ಕಮ್ಮಿಯಾದ್ರೂ ನಕ್ಷತ್ರಕ್ಕೆ ಕೈಮುಗಿದು ಮನೆಗೆ ಬರಬೇಕು.

ಎರಡು ಪತ್ರಿಕೆ ಅವಳೇ ಆರಿಸಬೇಕಿತ್ತು. ಕ್ಲಾಸ್‌ಮೇಟ್ ಪರಶಿವ ಬುದ್ಧಿ ಹೇಳಕ್ಕೆ ಓಡಿಬಂದ.

"ಯೋಗ ತಕ್ಕೊ, ರಂಗೋಲಿ ತಕ್ಕೊ ಚೆನ್ನಾಜಿ. ಶವಾಸನಕ್ಕೂ ಮಾರ್ಕ್ಸ್ ಕೊಡ್ತಾರೆ. ಮಲಗಿ ಪಾಸಾಗೋ ಪರೀಕ್ಷೆ ಇನ್ನೆಲ್ಲೈತೆ?"

"ಮೈಸೂರಿಗೆ ಹೋದ್ಮೇಲೂ ಮಲಗೇ ಇರ್ಲಾ? ಚಿಕ್ಕಮಾದು ತರ?"

ರೋಷದಲ್ಲಿ ಹೋಗಿ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ ಎರಡಕ್ಕೂ ಹೆಸರು ಕೊಟ್ಟಳು. ಎರಡೂ ನಾಗರತ್ನ ಮೇಡಂದೇ. ಆ ಮೇಡಂ ಮಾರ್ಕ್ಸ್ ಕೊಡೋದು ಎಲೆಗೆ ಸುಣ್ಣ ಸವರಿದಂಗೆ, ಬೆರಳ ತುದೀಲಿ.

ಮೇಡಂ ಕನ್ನಡಕ ಇಳಿಸಿ ನೋಡಿದರು. "ಏನವ್ವಾ, ನನ್ ಮೇಲೆ ಪ್ರೀತಿಯಾ, ನಿನ್ ಮೇಲೇ ಸಿಟ್ಟಾ?"

"ಗಟ್ಟಿ ವಿಷಯ ಓದ್ತೀನಿ ಮೇಡಂ."

"ಬರೀ ಮುದ್ದೆ ನುಂಗಿದ್ರೆ ಗಂಟಲಲ್ಲಿ ನಿಲ್ಲುತ್ತೆ. ಬರೀ ಸಾರು ಕುಡಿದ್ರೆ ಮಧ್ಯಾಹ್ನಕ್ಕೇ ಕಣ್ಣು ಕತ್ಲೆ ಬರುತ್ತೆ. ಅಲ್ಲಿ ಭೌತಶಾಸ್ತ್ರಕ್ಕೆ ಬೇಕಾಗೋದು ಕ್ಯಾಲ್ಕುಲಸ್, ಅದನ್ನ ಬಿಡಬೇಡ. ಇನ್ನೊಂದು ಹಗುರಾಗಿರ್ಲಿ."

ಅಕ್ಕ ಸಂಖ್ಯಾಶಾಸ್ತ್ರ ಹೊಡೆದುಹಾಕಿ ಯೋಗ ಬರೆಸಿದಳು.

ಮೊದಲ ಟೆಸ್ಟಲ್ಲೇ ಕ್ಯಾಲ್ಕುಲಸ್ ಅವಳನ್ನ ಎತ್ತಿ ಒಗೀತು. ಪರಶಿವ ಇಡೀ ಕಾರಿಡಾರಿಗೆ ಕೇಳೋ ಹಂಗೆ, "ಈಗ ಹಾಕವ್ವಾ ಶವಾಸನ" ಅಂದ. ಇನ್ನೊಂದು ವಾರದೊಳಗೆ ಪತ್ರಿಕೆ ಬದಲಿಸಬಹುದಿತ್ತು. ರಂಗೋಲಿ ಕ್ಲಾಸಿನ ಬಾಗಿಲ ತನಕ ಹೋಗಿ ನಿಂತಳು ಅಕ್ಕ. ನಿಂತು, ತಿರುಗಿ, ಸೀದಾ ನಾಗರತ್ನ ಮೇಡಂ ಹತ್ರ ಬಂದು, "ಇನ್ನೊಂದ್ಸಲ ಹೇಳ್ಕೊಡಿ" ಅಂದಳು. ಯೋಗಕ್ಕೆ ಓದೋದೇನಿರಲಿಲ್ಲವಲ್ಲ, ಉಳಿದ ಸಂಜೆಯೆಲ್ಲ ಕ್ಯಾಲ್ಕುಲಸ್‌ಗೇ ಹೋಯ್ತು.

ವರ್ಷದ ಕೊನೆಗೆ ಫಲಿತಾಂಶ ಬಂತು. ಯೋಗಕ್ಕೆ ತೊಂಬತ್ತೈದು. ಕ್ಯಾಲ್ಕುಲಸ್‌ಗೆ ಅರವತ್ತಾರು. ಎಲ್ಲ ಪತ್ರಿಕೆ ಸೇರಿ ಎಂಬತ್ತರ ಗೆರೆ ಕೂದಲೆಳೆಯಲ್ಲಿ ದಾಟಿತು. ಪರಶಿವನೇ ಮೊದಲು ಕುಣಿದ. "ನಾನೇ ಹೇಳಿದ್ದು ಕಣ್ರೋ, ಯೋಗ ತಕ್ಕೋ ಅಂತ."

ಮೈಸೂರಲ್ಲಿ ಸೀಟು ಸಿಕ್ಕಿತು. ಅಲ್ಲಿನ ಪ್ರಿನ್ಸಿಪಾಲರೇ ವಾಲಗದವರನ್ನ ಕರ್ಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು. "ಬಾರವ್ವ, ನಿನಗೇ ಕಾಯ್ತಿದ್ವಿ" ಅಂದರು. ಕಂಡಕ್ಟರು ಅಕ್ಕನ ಟ್ರಂಕನ್ನ ತಲೆ ಮೇಲೆ ಹೊತ್ಕೊಂಡು ಕಾಲೇಜಿನ ತನಕ ನಡೆದ.

ನೀತಿ: ಸುಲಭದ ಪತ್ರಿಕೆ ಬಾಗಿಲು ತೆಗೆಸುತ್ತೆ, ಕಷ್ಟದ ಪತ್ರಿಕೆ ಒಳಗೆ ಕೂತಿರೋ ಹಂಗೆ ಮಾಡುತ್ತೆ. ಹೋಗೋ ಕಡೆ ಏನು ಬೇಕು ಅಂತ ತಿಳ್ಕೊಂಡು ಎರಡನ್ನೂ ಜೊತೆಗಿಟ್ಕೊಳ್ಳಿ.

ಮಾರ್ಕ್ಸು ದೇವರಾಣೆ ನಿಜ. ಆಮೇಲಿಂದು ನಾನು ಕಟ್ಟಿದ್ದು. ಮೈಸೂರಿನವರು ಸೀಟು ಸಿಕ್ಕಿದವರ ಹೆಸರು ಹಾಕೋದು ಸೋಮವಾರ. ಅಕ್ಕನಿಗೆ ಊಟ ಸೇರ್ತಿಲ್ಲ, ನನಗೂ ಕಾಯಕ್ಕಾಗಲಿಲ್ಲ. ಕಥೆ ನಾನು ಮುಗಿಸಿದ್ದೀನಿ, ಮೈಸೂರಿನವರು ಅದರ ಪ್ರಕಾರ ನಡ್ಕೊಂಡ್ರೆ ಸಾಕು.